ಸೇವುಣರ ದೇವಗಿರಿ

ನಾಸಿಕದಿಂದ ತ್ರ್ಯಂಬಕೇಶ್ವರಕ್ಕೆ ಹೋಗುವ ಹಾದಿಯಲ್ಲಿ ನಮ್ಮ ಸಾತಪುರವಿದೆ. ಹೊಟ್ಟೆಪಾಡಿಗಾಗಿ ಕನ್ನಡ ನಾಡಿನ ನಾನಾ ಕಡೆಗಳಿಂದ ಬಂದ ನಾವು ಇಲ್ಲಿಯ ಕಾರಖಾನೆಗಳಲ್ಲಿಯೂ ಕಚೇರಿಗಳಲ್ಲಿಯೂ ಅಂಗಡಿಗಳಲ್ಲಿಯೂ ದುಡಿಯುತ್ತ ಸಂಸಾರ ಹೂಡಿದ್ದೇವೆ. ವರ್ಷಕ್ಕೊಮ್ಮೆ ರಾಜ್ಯೋತ್ಸವದ ದಿನ ಒಂದೆಡೆ ಕೂಡುತ್ತೇವೆ. ತಾಯ್ನುಡಿಯಲ್ಲಿ ನಾಲ್ಕು ಮಾತನಾಡಿ, ಊರ ಕಡೆಯ ಊಟ ಉಂಡು, ಮರುದಿನ ಮತ್ತೆ ನಮ್ಮ ನಮ್ಮ ಕೆಲಸಕ್ಕೆ ಹತ್ತುತ್ತೇವೆ. ಇಂಥ ಸಮಯದಲ್ಲಿ ಮಕ್ಕಳು ಒಂದು ಪ್ರಶ್ನೆ ಕೇಳುವದುಂಟು: "ನಮ್ಮ ಊರು ಅಲ್ಲಿ, ನಾವು ಇಲ್ಲಿ. ಹಾಗಾದರೆ ಇಲ್ಲಿ ನಮ್ಮದು ಏನಿದೆ?" ಈ ಪ್ರಶ್ನೆಗೆ ಮನೆಯಲ್ಲಿ ಕುಳಿತು ಉತ್ತರ ಹೇಳುವದಕ್ಕಿಂತ ನಡೆದು ನೋಡಿ ಉತ್ತರ ಹುಡುಕುವದು ಲೇಸೆಂದು ಬಗೆದು, ಕಳೆದ ಚಳಿಗಾಲದಲ್ಲಿ ನಾವು ದೇವಗಿರಿಯ ಕೋಟೆಗೆ ಹೋಗಿ ಬಂದೆವು. ಅಲ್ಲಿ ಕಂಡುದನ್ನೂ ಅದರ ಹಿಂದಿನ ಚರಿತ್ರೆಯನ್ನೂ ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ. ನಾವು ಇತಿಹಾಸದ ಪಂಡಿತರಲ್ಲ. ಬ್ಯಾಂಕಿನಲ್ಲಿ ಕಾರಕೂನಿಕೆ ಮಾಡುವವರು. ಆದರೆ ಜಮಾ ಎಷ್ಟು, ಖರ್ಚು ಎಷ್ಟು ಎಂದು ತಾಳೆ ನೋಡುವ ರೂಢಿ ನಮಗಿದೆ. ಆ ರೂಢಿಯಿಂದಲೇ ಇದನ್ನು ಬರೆದಿದ್ದೇವೆ.

ಮೊದಲಿಗೆ ಒಂದು ಮಾತು. ದೇವಗಿರಿಯ ಅರಸರನ್ನು ಯಾದವರೆಂದು ಕರೆಯುವದು ವಾಡಿಕೆ. ಕನ್ನಡ ಶಾಸನಗಳಲ್ಲಿ ಅವರಿಗೆ ಸೇವುಣರೆಂದು ಹೆಸರು. ಅವರು ಆಳಿದ ಮೂಲ ನಾಡೇ ಸೇವುಣದೇಶ. ಆ ಸೇವುಣದೇಶವೆಲ್ಲಿತ್ತು? ದೂರವೇನೂ ಇಲ್ಲ. ಇಂದಿನ ನಾಸಿಕ ಜಿಲ್ಲೆ ಹಾಗೂ ಅದರ ಮೂಡಣ ದಿಕ್ಕಿನ ಪ್ರದೇಶವೇ ಅದು. ಈ ವಂಶದ ಮೂಲಪುರುಷನಾದ ದೃಢಪ್ರಹಾರನು ಒಂಬತ್ತನೆಯ ಶತಮಾನದಲ್ಲಿ ನೆಲೆನಿಂತ ಚಂದ್ರಾದಿತ್ಯಪುರವೆಂದರೆ ನಮ್ಮ ಜಿಲ್ಲೆಯ ಚಾಂದವಡ. ಆಮೇಲೆ ಅವರ ರಾಜಧಾನಿಯಾದ ಸಿಂದೀನಗರವೆಂದರೆ ನಮ್ಮ ಸಿನ್ನರ. ಸಾತಪುರದಿಂದ ತ್ರ್ಯಂಬಕದ ಕಡೆಗೆ ಹೋಗುವಾಗ ಕಾಣುವ ಅಂಜನೇರಿಯಲ್ಲಿಯೂ ಸೇವುಣಚಂದ್ರನೆಂಬ ಅರಸನ 1142ರ ಶಾಸನವಿದೆ; ಜೈನ ದೇವಾಲಯಕ್ಕೆ ಕೊಟ್ಟ ದಾನವನ್ನು ಅದು ಹೇಳುವದು. ಹನುಮಂತನ ಜನ್ಮಸ್ಥಾನವೆಂದು ನಾವು ಶ್ರಾವಣದಲ್ಲಿ ಅಂಜನೇರಿ ಹತ್ತುತ್ತೇವೆ. ಆದರೆ ಬೆಟ್ಟದ ಬುಡದಲ್ಲಿ ಸೇವುಣರ ಕಲ್ಲು ನಿಂತಿದೆಯೆಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು?

ಈ ಸೇವುಣರು ಮೊದಲು ಮಾನ್ಯಖೇಟದ ರಾಷ್ಟ್ರಕೂಟರಿಗೆ ಸಾಮಂತರಾಗಿದ್ದರು. ಆ ಬಳಿಕ ಕಲ್ಯಾಣದ ಚಾಲುಕ್ಯರಿಗೆ. ಆ ಎರಡೂ ಕನ್ನಡ ಮನೆತನಗಳೊಡನೆ ಅವರಿಗೆ ಹೆಣ್ಣು ಕೊಟ್ಟು ತರುವ ಬಳಕೆಯೂ ಇತ್ತು. ವಾಸುಗಿ, ರಾಜುಗಿ, ವದ್ದಿಗ, ಧಾಡಿಯಪ್ಪ ಎಂಬ ಅವರ ಮನೆತನದ ಹೆಸರುಗಳನ್ನು ಕೇಳಿದರೆ ಕನ್ನಡ ಕಿವಿಗೆ ಪರಿಚಯದ ದನಿ ಕೇಳಿಸುವದು. ಅವರ ಕುಲದ ಮೂಲ ಯಾವುದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ವಾದಕ್ಕೆ ನಾವು ಇಳಿಯುವದಿಲ್ಲ. ಆದರೆ ಕನ್ನಡ ನಾಡಿನಲ್ಲಿ ಅವರ ಶಾಸನಗಳು ನೂರಾರು ದೊರೆತಿವೆ. ಅವುಗಳಲ್ಲಿ ಬಹುಪಾಲು ಕನ್ನಡದಲ್ಲಿವೆ. ಅವರ ಕೆಲವು ನಾಣ್ಯಗಳ ಮೇಲೆಯೂ ಕನ್ನಡ ಅಕ್ಷರಗಳಿವೆ. ಶ್ರೀನಿವಾಸ ರಿತ್ತಿಯವರು ಈ ಸಾಮಗ್ರಿಯನ್ನು ಕೂಡಿಸಿ 1973ರಲ್ಲಿ ಸೇವುಣರ ಚರಿತ್ರೆಯನ್ನೇ ಪ್ರಕಟಿಸಿ, ಕನ್ನಡವು ಅವರ ಆಸ್ಥಾನದ ಭಾಷೆಗಳಲ್ಲಿ ಒಂದಾಗಿತ್ತೆಂದು ತೋರಿಸಿದ್ದಾರೆ.

ಇನ್ನು ನಮ್ಮ ಪ್ರವಾಸದ ಮಾತು. ಎರಡನೆಯ ಶನಿವಾರ ಬ್ಯಾಂಕಿಗೆ ರಜೆ, ಮರುದಿನ ಭಾನುವಾರ. ಚಳಿಗಾಲಕ್ಕೆಂದು ಗದಗಿನಿಂದ ನಮ್ಮ ತಂದೆಯವರು ಬಂದಿದ್ದರು. ಅವರು, ನಾವು ದಂಪತಿಗಳು, ಐದನೆಯ ಇಯತ್ತೆಯಲ್ಲಿ ಓದುವ ಮಗಳು, ಸಂಘದ ಇನ್ನೊಂದು ಕುಟುಂಬ, ಹೀಗೆ ಏಳೆಂಟು ಜನ ಒಂದು ಜೀಪು ಗೊತ್ತುಮಾಡಿಕೊಂಡು ಬೆಳಗಿನ ಜಾವಕ್ಕೆ ಹೊರಟೆವು. ಬುತ್ತಿಗೆ ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ. ಇದು ಕನ್ನಡದ ಬುತ್ತಿಯೋ ಮರಾಠಿ ಬುತ್ತಿಯೋ ಎಂದು ಯಾರೂ ಹೇಳಲಾರರು.

ಮೊದಲು ಸಿನ್ನರದಲ್ಲಿ ಇಳಿದು ಗೊಂದೇಶ್ವರನ ದರ್ಶನ ಮಾಡಿದೆವು. ನಡುವೆ ಶಿವನ ದೊಡ್ಡ ಗುಡಿ, ನಾಲ್ಕು ಮೂಲೆಗಳಲ್ಲಿ ಪಾರ್ವತಿ, ಗಣಪತಿ, ಸೂರ್ಯ, ವಿಷ್ಣುಗಳ ಸಣ್ಣ ಗುಡಿಗಳು. ಇದಕ್ಕೆ ಪಂಚಾಯತನವೆಂದು ಹೆಸರು. ಸೇವುಣರ ಕಾಲದ ಈ ಕರಿಗಲ್ಲಿನ ಕೆಲಸವನ್ನು ನೋಡಿ ತಂದೆಯವರು, "ಇದು ನಮ್ಮ ಲಕ್ಕುಂಡಿ ಗುಡಿಗಳ ದಾಯಾದಿ ಕಂಡಂಗ ಕಾಣತೈತಿ" ಎಂದರು. ಶಿಖರದ ರೀತಿ ಬೇರೆ. ಆದರೆ ಕಂಬಗಳ ಕಡೆತ ನೋಡಿದರೆ ಅವರ ಮಾತು ಪೂರ್ತಿ ತಪ್ಪೆನಿಸಲಿಲ್ಲ. ಅಲ್ಲಿಂದ ಸಿನ್ನರದ ಹತ್ತಿರ ಹಾಯುವ ಸಮೃದ್ಧಿ ಮಹಾಮಾರ್ಗವನ್ನು ಹಿಡಿದು, ವೈಜಾಪುರದ ಸೀಮೆ ದಾಟಿ, ಮಧ್ಯಾಹ್ನಕ್ಕೆ ಮುಂಚೆ ದೇವಗಿರಿ ಸೇರಿದೆವು.

ಬಯಲಿನ ನಡುವೆ ಒಂಟಿಯಾಗಿ ಎದ್ದ ಗೋಪುರಾಕಾರದ ಬೆಟ್ಟ. ಎತ್ತರ ಸುಮಾರು 600 ಅಡಿ. ದೂರದಿಂದ ನೋಡಿದರೆ ಯಾರೋ ನೆಲದ ಮೇಲೆ ಭತ್ತದ ರಾಶಿ ಸುರಿದಂತೆ ಕಾಣುವದು. ಹತ್ತಿರ ಹೋದಾಗಲೇ ಅದರ ಗುಟ್ಟು ತಿಳಿಯುವದು. ಬೆಟ್ಟದ ಕೆಳಭಾಗವನ್ನು ಸುತ್ತಲೂ ಸುಮಾರು 150 ಅಡಿ ಎತ್ತರದವರೆಗೆ ಉಳಿಯಿಂದ ಕಡಿದು, ನೆಟ್ಟಗೆ ನಿಂತ ಗೋಡೆಯನ್ನಾಗಿ ಮಾಡಿದ್ದಾರೆ. ಅದರ ಬುಡಕ್ಕೆ ಕಲ್ಲಿನಲ್ಲಿಯೇ ಕೊರೆದ ಆಳವಾದ ಕಂದಕ. ಹಲ್ಲಿಯೂ ಹತ್ತಲಾರದಂಥ ಗೋಡೆ ಎನ್ನಬಹುದು. ಉಳಿದ ಕೋಟೆಗಳಲ್ಲಿ ಗೋಡೆಯನ್ನು ಕಟ್ಟುವದುಂಟು. ಇಲ್ಲಿ ಬೆಟ್ಟವನ್ನೇ ಗೋಡೆಯನ್ನಾಗಿ ಕಡೆದಿದ್ದಾರೆ. ಹತ್ತಿರದಲ್ಲಿಯೇ ವೇರೂಳಿನ ಕೈಲಾಸನಾಥ ದೇವಾಲಯವಿದೆ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ, ಒಂದು ಗುಡ್ಡವನ್ನೇ ಮೇಲಿನಿಂದ ಕೆಳಕ್ಕೆ ಕಡಿದು ಗುಡಿ ಮಾಡಿದ ಸೀಮೆಯಿದು. ಕಲ್ಲು ಕಡಿಯುವ ಕೈಗಳಿಗೆ ಇಲ್ಲಿ ಬರವಿರಲಿಲ್ಲ.

ಈ ಬೆಟ್ಟವನ್ನು ರಾಜಧಾನಿಯನ್ನಾಗಿ ಆರಿಸಿದವನು ಐದನೆಯ ಭಿಲ್ಲಮ. ಕಲ್ಯಾಣದ ಚಾಲುಕ್ಯರ ದೀಪ ಆರುತ್ತ ಬಂದಾಗ ಅವನು ಸ್ವತಂತ್ರನಾಗಿ, ಸುಮಾರು 1187ರಲ್ಲಿ ದೇವಗಿರಿಯ ಪಟ್ಟಣವನ್ನು ಕಟ್ಟಿದನು. ಅದೇ ಸಮಯದಲ್ಲಿ ತೆಂಕಣದಿಂದ ಹೊಯ್ಸಳರ ಇಮ್ಮಡಿ ವೀರಬಲ್ಲಾಳನೂ ಚಾಲುಕ್ಯರ ಆಸ್ತಿಗೆ ಹಕ್ಕುದಾರನಾಗಿ ಹೊರಟನು. ಒಂದೇ ಮನೆಯ ಪಾಲಿಗೆ ಇಬ್ಬರು ವಾರಸುದಾರರು ನಿಂತ ಮೇಲೆ ಜಗಳ ತಪ್ಪೀತೆ? ಇಬ್ಬರೂ ನಮ್ಮ ಗದಗಿನ ಸೀಮೆಯಲ್ಲಿ ಎದುರಾದರು. ಗದಗಿನ ಹತ್ತಿರದ ಸೊರಟೂರಿನಲ್ಲಿ ದೊಡ್ಡ ಕಾಳಗವಾಗಿ ಭಿಲ್ಲಮನ ಸೈನ್ಯ ಸೋತಿತು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಗದಗಿನ ತ್ರಿಕೂಟೇಶ್ವರ ದೇವಾಲಯಕ್ಕೆ 1191ರಲ್ಲಿ ಭಿಲ್ಲಮನು ದತ್ತಿ ಬಿಟ್ಟ ಶಾಸನವಿದೆ. ಮರುವರ್ಷ, 1192ರಲ್ಲಿ, ಅದೇ ದೇವಾಲಯಕ್ಕೆ ವೀರಬಲ್ಲಾಳನು ದತ್ತಿ ಬಿಟ್ಟ ಶಾಸನವೂ ಇದೆ. ಖಾತೆ ಅದೇ; ಸಹಿ ಮಾತ್ರ ಬೇರೆ. ರಾಜ್ಯಕ್ಕಾಗಿ ಬಡಿದಾಡಿದ ಇಬ್ಬರೂ ಒಬ್ಬನೇ ದೇವರ ಮುಂದೆ ಕೈಮುಗಿದು ನಿಂತಿದ್ದರು. ನಮ್ಮ ತಂದೆಯವರು ಬಾಲ್ಯದಲ್ಲಿ ಆ ಗುಡಿಯ ಕಟ್ಟೆಯ ಮೇಲೆ ಆಡಿ ಬೆಳೆದವರು. "ಆ ಭಿಲ್ಲಮ ಇಲ್ಲಿಂದ ನಮ್ಮೂರಿಗೆ ಹೋಗಿದ್ದ, ನಾವು ಈಗ ಅವನೂರಿಗೆ ಬಂದೇವಿ. ಲೆಕ್ಕ ಸರಿಹೋತು" ಎಂದು ಅವರು ಕೋಟೆಯ ಬಾಗಿಲಲ್ಲಿ ನಕ್ಕರು.

ಭಿಲ್ಲಮನ ಮಗ ಜೈತುಗಿ. ಅವನ ಮಗ ಸಿಂಘಣ. ಸಿಂಘಣನು 1247ರ ವರೆಗೆ ದೀರ್ಘಕಾಲ ಆಳಿದನು. ಅಜ್ಜನು ಕಳೆದುಕೊಂಡ ಗದಗು-ಬೆಳ್ವೊಲದ ನಾಡನ್ನು ಮೊಮ್ಮಗನು ತಿರುಗಿ ಪಡೆದು, ತುಂಗಭದ್ರೆಯ ಆಚೆಗೂ ಕೈಚಾಚಿದನು. ಅವನ ಆಸ್ಥಾನದಲ್ಲಿದ್ದ ಶಾರ್ಙ್ಗದೇವನ ಮನೆತನ ಕಾಶ್ಮೀರದಿಂದ ವಲಸೆ ಬಂದದ್ದು. ಅವನು ಬರೆದ ಸಂಗೀತರತ್ನಾಕರವನ್ನು ಇಂದಿಗೂ ಹಿಂದುಸ್ತಾನಿಯವರೂ ಕರ್ನಾಟಕ ಸಂಗೀತದವರೂ ಸಮಾನವಾಗಿ ತಲೆಯ ಮೇಲೆ ಹೊರುವರು. ಭಾಸ್ಕರಾಚಾರ್ಯನ ಮೊಮ್ಮಗ ಚಾಂಗದೇವನು ಸಿಂಘಣನ ಆಸ್ಥಾನದ ಜ್ಯೋತಿಷಿ. ಅಜ್ಜನ ಗ್ರಂಥಗಳನ್ನು ಕಲಿಸುವದಕ್ಕಾಗಿ ಚಾಳೀಸಗಾಂವದ ಹತ್ತಿರದ ಪಾಟಣೆಯಲ್ಲಿ ಮಠ ಸ್ಥಾಪಿಸಿದನೆಂದು ಅಲ್ಲಿಯ 1207ರ ಶಾಸನ ಹೇಳುವದು. ಹೊರಗಿನಿಂದ ಬಂದವನಿಗೆ ಆಸರೆ ಕೊಟ್ಟು ಅವನ ವಿದ್ಯೆಯನ್ನು ನಾಡಿನದಾಗಿಸಿಕೊಂಡ ಅರಸನೇ ದೊಡ್ಡವನೆನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಸಿಂಘಣನ ಬಳಿಕ ಕೃಷ್ಣ, ಮಹಾದೇವ, ಆಮೇಲೆ 1271ರಲ್ಲಿ ರಾಮಚಂದ್ರ ಪಟ್ಟಕ್ಕೆ ಬಂದರು. ಈ ಕಾಲಕ್ಕೆ ಬರುತ್ತಲೇ ಒಂದು ಬದಲಾವಣೆ ಕಾಣುವದು. ಕನ್ನಡ ನಾಡಿನಲ್ಲಿ ಅವರ ಶಾಸನಗಳು ಕನ್ನಡದಲ್ಲಿಯೇ ಮುಂದುವರಿದವು. ಆದರೆ ರಾಜಧಾನಿಯ ಸುತ್ತ ಮರಾಠಿ ತಲೆಯೆತ್ತಿತು. ಪಂಢರಪುರದ ವಿಠ್ಠಲನ ಗುಡಿಗೆ ಯಾರು ಎಷ್ಟು ಕೊಟ್ಟರೆಂದು 1273ರಿಂದ ಬರೆದಿಟ್ಟ ಕಲ್ಲಿನ ದೇಣಿಗೆಯ ಪಟ್ಟಿಯಲ್ಲಿ ರಾಮಚಂದ್ರನ ಹೆಸರೂ ಮಂತ್ರಿ ಹೇಮಾದ್ರಿಯ ಹೆಸರೂ ಇವೆ. ಅದರ ಭಾಷೆ ಮರಾಠಿ. 1290ರಲ್ಲಿ ನೇವಾಸೆಯಲ್ಲಿ ಜ್ಞಾನೇಶ್ವರ ಮಹಾರಾಜರು ಜ್ಞಾನೇಶ್ವರಿಯನ್ನು ಹೇಳಿದರು. ಅದರ ಕೊನೆಯಲ್ಲಿ ರಾಮಚಂದ್ರ ಅರಸನ ಸ್ಮರಣೆಯಿದೆ. ಆದರೆ ಅದೇ ಜ್ಞಾನೇಶ್ವರರ ಹೆಸರಿನ ಅಭಂಗವೊಂದು ವಿಠ್ಠಲನನ್ನು ಕನ್ನಡಿಗನೆಂದು ಹಾಡುವದು. ಆ ಕಾಲದ ಸುಮಾರಿಗೇ ಪಂಢರಪುರದ ಚೌಂಡರಸನು ಕನ್ನಡದಲ್ಲಿ ದಶಕುಮಾರರ ಚರಿತೆಯನ್ನು ಬರೆದನು. ಎರಡು ಭಾಷೆಗಳು ಒಂದೇ ಅಂಗಳದಲ್ಲಿ ಆಡಿದ ಕಾಲವದು. ಒಂದರ ಏಳಿಗೆಗೆ ಇನ್ನೊಂದರ ಹಗೆತನ ಬೇಕಾಗಿರಲಿಲ್ಲ.

ಈ ಮಾತು ನಮ್ಮ ಮನಸ್ಸಿಗೆ ನಾಟಿದ್ದು ಕೋಟೆಯ ಒಳಗೆ. ಹೆಬ್ಬಾಗಿಲಲ್ಲಿ ಪುರಾತತ್ವ ಇಲಾಖೆಯವರು ನಿಲ್ಲಿಸಿದ ಫಲಕವಿದೆ. ನಮ್ಮ ತಂದೆಯವರಿಗೆ ದೇವನಾಗರಿ ಅಕ್ಷರ ಗೊತ್ತು, ಮರಾಠಿ ಅರ್ಥವಾಗದು. "ಏನ ಬರದಾರ, ಓದಿ ಹೇಳ ತಂಗಿ" ಎಂದು ಮೊಮ್ಮಗಳನ್ನು ಕರೆದರು. ಅವಳು ಎಡವದೆ ಮರಾಠಿ ಓದಿ, ಒಂದೊಂದೇ ಸಾಲನ್ನು ಅಜ್ಜನಿಗೆ ಕನ್ನಡದಲ್ಲಿ ತಿಳಿಹೇಳಿದಳು. ಅವರ ಮುಖದಲ್ಲಿ ಸಂತೋಷ ಕಂಡಿತು. ನಮಗೆ ಮಾತ್ರ ಹಿಂದಿನ ಬೇಸಿಗೆಯ ನೆನಪಾಗಿ ಮೋರೆ ಬಾಡಿತು. ಅಂದು ಗದಗಿನ ತ್ರಿಕೂಟೇಶ್ವರನ ಗುಡಿಯಲ್ಲಿ ಕನ್ನಡ ಫಲಕದ ಮುಂದೆ ಇದೇ ಅಜ್ಜ ಇದೇ ಮಾತು ಕೇಳಿದ್ದರು. ಇದೇ ಹುಡುಗಿ ಅಕ್ಷರ ಬಾರದೆ ಇಂಗ್ಲಿಷಿನ ಫಲಕ ಎಲ್ಲಿದೆಯೆಂದು ಹುಡುಕಿದ್ದಳು. ಅಜ್ಜ ಆಗ ಏನೂ ಅಂದಿರಲಿಲ್ಲ. ಸೇವುಣರ ಅರಮನೆಯಲ್ಲಿ ಎರಡು-ಮೂರು ತಲೆಮಾರುಗಳಲ್ಲಿ ನಡೆದುದು ನಮ್ಮ ಎರಡು ಕೋಣೆಯ ಮನೆಯಲ್ಲಿ ಹತ್ತೇ ವರ್ಷಗಳಲ್ಲಿ ನಡೆದುಹೋಗಿತ್ತು. ಮರಾಠಿ ಬಂದುದು ತಪ್ಪಲ್ಲ. ಅದು ಅನ್ನ ಕೊಡುವ ನೆಲದ ನುಡಿ. ಕನ್ನಡ ಹೋದುದು ತಪ್ಪು. ಆ ತಪ್ಪು ಮಗುವಿನದಲ್ಲ, ನಮ್ಮದು.

ಕೋಟೆಗೆ ಸುತ್ತುಗೋಡೆಗಳು ಹಲವು. ಎಲ್ಲಕ್ಕೂ ಹೊರಗಿನದು ಅಂಬರಕೋಟ, ಒಳಗಿನದು ಮಹಾಕೋಟ, ಅದಕ್ಕೂ ಒಳಗೆ ಕಾಲಾಕೋಟ. ಇಂದು ಕಾಣುವ ಈ ಗೋಡೆಗಳು ಬಹುಪಾಲು ಸೇವುಣರ ತರುವಾಯದವು. ಬಾಗಿಲುಗಳನ್ನು ಒಂದಕ್ಕೊಂದು ಎದುರಾಗಿ ಇಡದೆ ಓರೆಯಾಗಿ ಇಟ್ಟಿದ್ದಾರೆ. ಆನೆಯು ಓಡಿ ಬಂದು ಗುಮ್ಮದಂತೆ ಕದಗಳಿಗೆ ಕಬ್ಬಿಣದ ಮುಳ್ಳು ಹೊಡೆದಿದ್ದಾರೆ. ಒಳಗೆ ಆನೆ ಹೊಂಡವೆಂಬ ದೊಡ್ಡ ಕೆರೆ, ಸರಸ್ವತಿ ಬಾವಿ, ಹಾಗೂ ಬಹಳ ಕಂಬಗಳುಳ್ಳ ಒಂದು ಮಂಟಪವಿದೆ. ದೆಹಲಿಯ ಕುತುಬುದ್ದೀನ್ ಮುಬಾರಕ ಶಹನು 1318ರಲ್ಲಿ ಹಳೆಯ ಗುಡಿಗಳ ಕಂಬಗಳನ್ನು ಬಳಸಿ ಅದನ್ನು ಮಸೀದಿಯಾಗಿ ಕಟ್ಟಿಸಿದನು. 1948ರ ಬಳಿಕ ಅಲ್ಲಿ ಭಾರತಮಾತೆಯ ಮೂರ್ತಿ ಸ್ಥಾಪಿತವಾಯಿತು. ಎದುರಿಗೆ ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದ ನಡುವೆ ಎತ್ತಿಸಿದ ನಾಲ್ಕು ಅಂತಸ್ತಿನ ಚಾಂದಮಿನಾರ ನಿಂತಿದೆ.

ಇಂಥ ಕೋಟೆ ಸೋತಿತಾದರೂ ಹೇಗೆ? ದೆಹಲಿಯ ಸುಲ್ತಾನ ಜಲಾಲುದ್ದೀನನ ಅಳಿಯನೂ ಕಡಾ ಪ್ರಾಂತದ ಅಧಿಕಾರಿಯೂ ಆದ ಅಲ್ಲಾವುದ್ದೀನ ಖಿಲಜಿಯು 1296ರಲ್ಲಿ ಕೆಲವೇ ಸಾವಿರ ಕುದುರೆ ಸವಾರರೊಡನೆ, ಮಾವನಿಗೂ ತಿಳಿಸದೆ, ವಿಂಧ್ಯ ದಾಟಿ ದಿಢೀರನೆ ಬಂದನು. ರಾಜಕುಮಾರ ಶಂಕರದೇವನು ದೊಡ್ಡ ಸೈನ್ಯದೊಡನೆ ದೂರ ಹೋಗಿದ್ದನು. ರಾಮಚಂದ್ರನು ಬಾಗಿಲು ಹಾಕಿಕೊಂಡು ಒಳಗೆ ಕುಳಿತನು. ಮಗನು ಮರಳಿ ಬಂದು ಕಾದಿದನು. ಆದರೆ ಶತ್ರುವಿಗೆ ಹೊಸ ಸೈನ್ಯ ಬಂದಿತೆಂಬ ಭ್ರಮೆಯಿಂದ ಅವನ ದಂಡು ಚದರಿತು. ಆದರೂ ಕೋಟೆ ಕೆಲವು ಕಾಲ ತಾಳಬಹುದಿತ್ತು. ಅವಸರದಲ್ಲಿ ಕೊಂಕಣದ ಕಡೆಯ ವ್ಯಾಪಾರಿಗಳ ಚೀಲಗಳನ್ನು ಧಾನ್ಯವೆಂದು ಒಳಗೆ ಸೇರಿಸಿದ್ದರು. ಬಿಚ್ಚಿ ನೋಡಿದರೆ ಅವು ಉಪ್ಪಿನ ಚೀಲಗಳು. ಈ ಕಥೆಯನ್ನು ಬರೆದಿಟ್ಟವನು ಮೂರು ಶತಮಾನಗಳ ಬಳಿಕ ನಮ್ಮ ವಿಜಾಪುರದಲ್ಲಿ, ಆದಿಲಶಾಹಿಯ ಆಶ್ರಯದಲ್ಲಿ ಕುಳಿತು ಇತಿಹಾಸ ಬರೆದ ಫೆರಿಶ್ತಾ. ಬ್ಯಾಂಕಿನವರಾದ ನಮಗೆ ಇದನ್ನು ಕೇಳಿ ನಗುವೂ ಬಂತು, ಅಂಜಿಕೆಯೂ ಆಯಿತು. ಮಾಲಿನ ಮೇಲೆ ಸಾಲ ಕೊಡುವಾಗ ಗೋದಾಮಿಗೆ ಹೋಗಿ ಚೀಲ ಎಣಿಸಿದರೆ ಸಾಲದು, ಒಂದೆರಡು ಚೀಲ ಬಿಚ್ಚಿ ನೋಡಬೇಕೆಂದು ನಮ್ಮ ಹಿರಿಯರು ಮೊದಲ ದಿನವೇ ಹೇಳಿಕೊಟ್ಟಿದ್ದರು. ದೇವಗಿರಿಯ ಉಗ್ರಾಣದಲ್ಲಿ ಅಂಥ ಒಬ್ಬ ಕಾರಕೂನನಿದ್ದರೆ ದಕ್ಷಿಣದ ಚರಿತ್ರೆ ಬೇರೆಯಾಗುತ್ತಿತ್ತೋ ಏನೋ!

ಅಪಾರ ಕಪ್ಪ ಪಡೆದು ಅಲ್ಲಾವುದ್ದೀನನು ಮರಳಿದನು. ಮಾವನನ್ನು ಕೊಲ್ಲಿಸಿ ಸುಲ್ತಾನನಾದನು. ಕಪ್ಪ ನಿಂತುಹೋದಾಗ ಅವನ ಸೇನಾಪತಿ ಮಲಿಕ್ ಕಾಫೂರನು ಬಂದು ರಾಮಚಂದ್ರನನ್ನು ಹಿಡಿದು ದೆಹಲಿಗೆ ಒಯ್ದನು. ಸುಲ್ತಾನನು ಮರ್ಯಾದೆ ಮಾಡಿ, ರಾಯರಾಯನೆಂಬ ಬಿರುದು ಕೊಟ್ಟು ಹಿಂದೆ ಕಳಿಸಿದನು. ಆ ಮರ್ಯಾದೆಯ ಬೆಲೆಯನ್ನು ಕನ್ನಡ ನಾಡು ತೆತ್ತಿತು. ಕಾಫೂರನು 1310-11ರಲ್ಲಿ ದೋರಸಮುದ್ರದ ಮೇಲೆ ಹೋದಾಗ ದೇವಗಿರಿಯೇ ಅವನಿಗೆ ದಾರಿಯನ್ನೂ ನೆರವನ್ನೂ ಕೊಟ್ಟಿತು. ಸೇವುಣರು ಮತ್ತು ಹೊಯ್ಸಳರು ಶತಮಾನಕ್ಕೂ ಮಿಕ್ಕಿ ಒಬ್ಬರನ್ನೊಬ್ಬರು ತಿಂದ ವೈರದ ಕಟ್ಟಕಡೆಯ ಫಲವಿದು. ರಾಮಚಂದ್ರನು 1311ರ ಸುಮಾರಿಗೆ ತೀರಿಕೊಂಡನು. ಎದುರು ನಿಂತ ಶಂಕರದೇವನೂ ಆಮೇಲೆ ಅಳಿಯ ಹರಪಾಲದೇವನೂ ಒಬ್ಬರ ಹಿಂದೆ ಒಬ್ಬರು ಮಡಿದರು. 1318ರ ಹೊತ್ತಿಗೆ ಸೇವುಣರ ಹೆಸರು ಅಳಿಯಿತು.

1327ರಲ್ಲಿ ಮಹಮ್ಮದ್ ಬಿನ್ ತುಘಲಕನು ದೆಹಲಿಯಿಂದ ರಾಜಧಾನಿಯನ್ನೇ ಇಲ್ಲಿಗೆ ತಂದು ದೌಲತಾಬಾದೆಂದು ಹೆಸರಿಟ್ಟನು. ಗಿರೀಶ ಕಾರ್ನಾಡರ 1964ರ ತುಘಲಕ್ ನಾಟಕ ಓದಿದ ಕನ್ನಡಿಗರಿಗೆ ಈ ಕೋಟೆ ಹೊಸದಲ್ಲ. ಅರಸನ ಅಪ್ಪಣೆಗೆ ಮನೆ-ಮಾರು ಬಿಟ್ಟು ನೂರಾರು ಹರದಾರಿ ನಡೆದ ಕುಟುಂಬಗಳ ಪಾಡು ಏನಾಗಿರಬೇಕು! ಕೆಲವು ವರ್ಷಗಳ ಮೇಲೆ ಮರಳಿ ಹೋಗಲು ಅಪ್ಪಣೆಯಾಯಿತು. ಆದರೆ ಎಲ್ಲರೂ ಮರಳಲಿಲ್ಲ. ಉಳಿದವರ ಮಾತು ಈ ನೆಲದ ಮಾತುಗಳೊಡನೆ ಬೆರೆತು ದಖನಿ ಎಂಬ ನುಡಿಯಾಯಿತು. ಕಲಬುರ್ಗಿ, ವಿಜಾಪುರಗಳ ಓಣಿಗಳಲ್ಲಿ ಇಂದೂ ಅದು ಕೇಳಿಬರುವದು. ಕಲಬುರ್ಗಿಯ ಖ್ವಾಜಾ ಬಂದೇನವಾಜರು ಬಾಲಕರಾಗಿದ್ದಾಗ ಈ ವಲಸೆಯಲ್ಲಿಯೇ ತಂದೆಯ ಕೈಹಿಡಿದು ದೌಲತಾಬಾದಿಗೆ ಬಂದವರು. ಮುಂದೆ 1347ರಲ್ಲಿ ಇಲ್ಲಿಯ ಸರದಾರರು ದಂಗೆಯೆದ್ದು ಹಸನನೆಂಬವನಿಗೆ ಪಟ್ಟ ಕಟ್ಟಿದರು. ಅವನೇ ಮೊದಲ ಬಹಮನಿ ಸುಲ್ತಾನ. ಪಟ್ಟ ಕಟ್ಟಿದ್ದು ಇಲ್ಲಿ. ರಾಜಧಾನಿ ಮಾಡಿದ್ದು ನಮ್ಮ ಕಲಬುರ್ಗಿಯಲ್ಲಿ.

ಬಳಿಕ 1499ರಲ್ಲಿ ಅಹಮದನಗರದ ನಿಜಾಮಶಾಹಿ, ಮಲಿಕ್ ಅಂಬರನ ಆಡಳಿತ, 1633ರಲ್ಲಿ ಮೊಗಲರು, ಆಮೇಲೆ ಹೈದರಾಬಾದಿನ ನಿಜಾಮರು, ಹೀಗೆ ಕೋಟೆ ಕೈಯಿಂದ ಕೈಗೆ ಸಾಗಿತು. ಆಫ್ರಿಕೆಯಿಂದ ಗುಲಾಮನಾಗಿ ಬಂದ ಅಂಬರನು 1610ರಲ್ಲಿ ಹತ್ತಿರದಲ್ಲಿ ಕಟ್ಟಿದ ಖಡಕಿಯೇ ಔರಂಗಾಬಾದಾಗಿ, ಈಗ ಛತ್ರಪತಿ ಸಂಭಾಜಿನಗರವೆಂಬ ಹೆಸರು ಪಡೆದಿದೆ. ಏಕನಾಥ ಮಹಾರಾಜರ ಗುರುಗಳಾದ ಜನಾರ್ದನ ಸ್ವಾಮಿಗಳು ಈ ಕೋಟೆಯ ಅಧಿಕಾರಿಯಾಗಿದ್ದರೆಂದು ಪ್ರತೀತಿ. ಗೋಲಕೊಂಡೆಯ ಕೊನೆಯ ಸುಲ್ತಾನ ತಾನಾಶಹನನ್ನು 1687ರಲ್ಲಿ ಸೆರೆಹಿಡಿದ ಔರಂಗಜೇಬನು ಇಲ್ಲಿಯ ಚೀನಿಮಹಲಿನಲ್ಲಿ ಇಟ್ಟಿದ್ದನು. ಅವನು ಇಲ್ಲಿಯೇ ತೀರಿಕೊಂಡನು. ಚೀನಿಮಹಲಿನ ಹತ್ತಿರದ ಬುರುಜಿನ ಮೇಲೆ ಟಗರಿನ ತಲೆಯ ದೊಡ್ಡ ತೋಪು ಇದೆ. ಮಕ್ಕಳಿಗೆ ಎಲ್ಲಕ್ಕಿಂತ ಅದೇ ಹೆಚ್ಚು ಮೆಚ್ಚಿಕೆಯಾಯಿತು.

ಅಲ್ಲಿಂದ ಮುಂದೆ ಕಂದಕದ ಕಿರುಸೇತುವೆ ದಾಟಿದರೆ ಅಂಧೇರಿ, ಅಂದರೆ ಕಗ್ಗತ್ತಲೆಯ ಸುರಂಗ. ಮೇಲೆ ಹೋಗಲು ಹಿಂದೆ ಇದೊಂದೇ ದಾರಿ. ಬೇಕೆಂದೇ ಅಡ್ಡಾದಿಡ್ಡಿಯಾಗಿ ತಿರುಗಿಸಿ, ಮೆಟ್ಟಿಲುಗಳನ್ನು ಎತ್ತರ-ತಗ್ಗಾಗಿ ಕಡಿದಿದ್ದಾರೆ. ಬೆಳಕೆಂದು ನಂಬಿ ಕಿಂಡಿಯತ್ತ ಹೋದ ಶತ್ರು ಕಂದಕಕ್ಕೆ ಬೀಳಬೇಕು. ನೆಟ್ಟಗೆ ಬಂದವನಿಗೆ ಮೇಲಿನ ಬಾಯಿಯಲ್ಲಿ ಕಬ್ಬಿಣದ ಮುಚ್ಚಳದ ಮೇಲೆ ಬೆಂಕಿ ಹಾಕಿ ಹೊಗೆಯಿಂದ ಉಸಿರು ಕಟ್ಟಿಸಬೇಕು, ಇದು ಉಪಾಯ. ಬಾವಲಿಗಳ ನಾತ, ಕೈಗೆ ಕೈ ಕಾಣದು. ಮಾರ್ಗದರ್ಶಿಯು ದೀವಟಿಗೆ ಹಿಡಿದು ಮುಂದೆ ನಡೆದನು. ಎಪ್ಪತ್ತು ದಾಟಿದ ತಂದೆಯವರನ್ನು ಹೊರಗೆ ಕೂಡ್ರಿಸಿ ಹೋಗಬೇಕೆಂದಿದ್ದೆವು, ಅವರು ಕೇಳಲಿಲ್ಲ. ನಡುದಾರಿಯಲ್ಲಿ ಮಗಳು ಅಂಜಿ ನಿಂತಳು. "ಅಜ್ಜಾ, ಎಲ್ಲಿದ್ದೀ?" ಎಂದು ಕೂಗಿದಳು. ಆ ಕತ್ತಲಲ್ಲಿ ಅವಳ ಬಾಯಿಗೆ ಬಂದುದು ಶಾಲೆಯ ಭಾಷೆಯಲ್ಲ, ಮನೆಯ ಭಾಷೆ. "ಇಲ್ಲೇ ಅದೀನಿ, ನನ್ನ ಕೈ ಹಿಡಿ, ಮೆಟ್ಟಲಾ ಎಣಿಸ್ಕೋತ ಬಾ" ಎಂದರು ಅಜ್ಜ. ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಎಣಿಸುತ್ತ ಇಬ್ಬರೂ ಬೆಳಕಿಗೆ ಬಂದರು. ಇಪ್ಪತ್ತರ ಮುಂದೆ ಅವಳಿಗೆ ಲೆಕ್ಕ ತಪ್ಪಿತು, ಅಜ್ಜ ಮುಂದುವರಿಸಿದರು.

ಮಾರ್ಗದರ್ಶಿ ಯುವಕನು ವಿನಯವಂತ. "ಆಜೋಬಾ, ಇದು ನಮ್ಮ ಮರಾಠಿ ಯಾದವರ ಕೋಟೆ" ಎಂದು ಅವನು ಹೆ್ಮ್ಮೆಯಿಂದ ಹೇಳಿದಾಗ ತಂದೆಯವರು, "ನಮ್ಮೂರಾಗ ಅವರ ಶಾಸನ ಕನ್ನಡದಾಗ ಅವ ಅಲ್ಲಪಾ" ಎಂದರು. ಮೊಮ್ಮಗಳು ನಡುವೆ ನಿಂತು ಅತ್ತ ಮರಾಠಿಗೂ ಇತ್ತ ಕನ್ನಡಕ್ಕೂ ತಿರುಗಿಸಿ ಹೇಳಿದಳು. ಅವನು ಸಿಟ್ಟಾಗಲಿಲ್ಲ. ಗದಗು ಎಲ್ಲಿದೆ, ಶಾಸನದಲ್ಲಿ ಏನಿದೆ ಎಂದು ಕೇಳಿ ತಿಳಿದುಕೊಂಡನು. "ಹಾಗಾದರೆ ಅವರು ನಿಮ್ಮವರೂ ಹೌದು, ನಮ್ಮವರೂ ಹೌದು" ಎಂದನು. ದೊಡ್ಡ ಸಭೆಗಳಲ್ಲಿ ತೀರದ ವಾದವನ್ನು ಅವನು ಒಂದೇ ಮಾತಿನಲ್ಲಿ ತೀರಿಸಿದನು.

ಮುಂದೆ ಮೆಟ್ಟಿಲುಗಳನ್ನು ಹತ್ತಿದರೆ ಷಹಜಹಾನನ ಕಾಲದ ಬಾರಾದರಿ ಎಂಬ ಮಂಟಪ. ಅದಕ್ಕೂ ಮೇಲೆ ತುದಿಯ ಬುರುಜು. ತಂದೆಯವರು ಬಾರಾದರಿಯ ನೆರಳಲ್ಲಿ ಕುಳಿತು, ಕೆಳಗಿನ ಬಯಲನ್ನು ನೋಡುತ್ತ ಹಳೆಯ ಮಾತು ತೆಗೆದರು. ಅವರು ಹುಟ್ಟಿದ್ದು 1954ರಲ್ಲಿ. ಆಗ ಗದಗು ಧಾರವಾಡ ಜಿಲ್ಲೆಯಲ್ಲಿ, ಮುಂಬಯಿ ರಾಜ್ಯದಲ್ಲಿತ್ತು. ನಾಸಿಕವೂ ಮುಂಬಯಿ ರಾಜ್ಯದಲ್ಲಿಯೇ. ಈ ದೇವಗಿರಿಯೂ ಕಲಬುರ್ಗಿ, ಬೀದರ, ರಾಯಚೂರುಗಳೂ ಹೈದರಾಬಾದ ರಾಜ್ಯದಲ್ಲಿ ಒಟ್ಟಿಗಿದ್ದವು. 1956ರ ನವೆಂಬರ 1ರಂದು ಗಡಿಗಳು ಹೊಸದಾಗಿ ಬಿದ್ದು ಕನ್ನಡಿಗರ ನಾಡು ಒಂದಾಯಿತು; 1973ರಲ್ಲಿ ಅದೇ ದಿನ ಕರ್ನಾಟಕವೆಂಬ ಹೆಸರು ಬಂತು. ನಾವು ಆಚರಿಸುವ ರಾಜ್ಯೋತ್ಸವ ಅದೇ. ಕರ್ನಾಟಕದ ಏಕೀಕರಣಕ್ಕಾಗಿ ಜೀವ ತೇಯ್ದ ಆಲೂರು ವೆಂಕಟರಾಯರು ಓದಿದ್ದು ಪುಣೆ-ಮುಂಬಯಿಗಳಲ್ಲಿ. 1917ರಲ್ಲಿ ಕರ್ನಾಟಕ ಗತವೈಭವವನ್ನು ಬರೆದು ಕನ್ನಡಿಗರನ್ನು ಎಚ್ಚರಿಸಿದ ಅವರೇ ಲೋಕಮಾನ್ಯ ಟಿಳಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದರು. ತನ್ನ ನುಡಿಯ ಮೇಲಣ ಪ್ರೀತಿಗೆ ನೆರೆಯ ನುಡಿಯ ದ್ವೇಷ ಅವಶ್ಯವಿಲ್ಲವೆಂದು ತೋರಿಸಿಕೊಟ್ಟ ಹಿರಿಯರು ಅವರು.

ಹೋಗಬೇಕೆನ್ನುವವರಿಗೆ ನಾಲ್ಕು ಮಾತು. ದೇವಗಿರಿ ಸಂಭಾಜಿನಗರದಿಂದ ವೇರೂಳಿಗೆ ಹೋಗುವ ದಾರಿಯಲ್ಲಿ ಸುಮಾರು 15 ಕಿಲೋಮೀಟರು ದೂರದಲ್ಲಿದೆ. ನಾಸಿಕದಿಂದ ಸಂಭಾಜಿನಗರಕ್ಕೆ ಎಸ್.ಟಿ. ಬಸ್ಸುಗಳಿವೆ, ಮನಮಾಡದ ಮೂಲಕ ರೈಲಿನಲ್ಲಿಯೂ ಹೋಗಬಹುದು. ನವೆಂಬರದಿಂದ ಫೆಬ್ರುವರಿಯವರೆಗಿನ ಕಾಲ ಒಳ್ಳೆಯದು. ಮೆಟ್ಟಿಲು ಸುಮಾರು 750. ಬೆಳಿಗ್ಗೆ ಬೇಗ ಹತ್ತಿ, ಸಂಜೆಯ ಒಳಗೆ ಇಳಿಯಬೇಕು. ನೀರು ಹಾಗೂ ಕೈದೀಪ ಅವಶ್ಯ. ಮಂಗಗಳು ಬಹಳ, ಬುತ್ತಿಯ ಚೀಲ ಜೋಪಾನ. ಮೊಣಕಾಲು ನೋವಿನವರು ಚೀನಿಮಹಲಿನವರೆಗೆ ನೋಡಿ ತೃಪ್ತಿಪಡುವದು ಒಳ್ಳೆಯದು. ಮರುದಿನ ವೇರೂಳನ್ನೂ, ದಾರಿಯ ಖುಲ್ದಾಬಾದನ್ನೂ ನೋಡಬಹುದು.

ಅಂದು ರಾತ್ರಿ ಸಂಭಾಜಿನಗರದ ವಸತಿಗೃಹದಲ್ಲಿ ಅಜ್ಜ-ಮೊಮ್ಮಗಳಿಗೆ ಒಂದು ಒಪ್ಪಂದವಾಯಿತು. ಅವಳು ಅಜ್ಜನಿಗೆ ದಿನಕ್ಕೆ ಐದು ಮರಾಠಿ ಮಾತು ಹೇಳಿಕೊಡಬೇಕು. ಅಜ್ಜ ಅವಳಿಗೆ ದಿನಕ್ಕೆ ಐದು ಕನ್ನಡ ಅಕ್ಷರ ತಿದ್ದಿಸಬೇಕು. ಸಂಕ್ರಾಂತಿ ಮುಗಿಸಿ ತಂದೆಯವರು ಊರಿಗೆ ಹೋಗುವ ಹೊತ್ತಿಗೆ ಕಾಗುಣಿತ ಮುಗಿದಿತ್ತು. ಒತ್ತಕ್ಷರ ಅರ್ಧ ಉಳಿದಿತ್ತು. ಯುಗಾದಿಗೆ ಅವಳು ಅಜ್ಜನಿಗೆ ಒಂದು ಕಾರ್ಡು ಬರೆದಳು. ತಪ್ಪುಗಳು ಬೇಕಾದಷ್ಟು, ಅಜ್ಜ ಎಂಬಲ್ಲಿಯೇ ಒತ್ತು ಬಿಟ್ಟುಹೋಗಿತ್ತು. ಆ ಕಾರ್ಡನ್ನು ತಂದೆಯವರು ದೇವರ ಮನೆಯಲ್ಲಿ ಇಟ್ಟುಕೊಂಡಿದ್ದಾರೆಂದು ಊರಿಂದ ತಿಳಿದುಬಂತು.

ಬಂಧುಗಳೇ, ಸೇವುಣರ ನುಡಿ ಬದಲಾಯಿತು, ರಾಜ್ಯ ಹೋಯಿತು. ಆದರೆ ಕಲ್ಲಿನ ಮೇಲೆ ಕೊರೆಸಿದ ಕನ್ನಡ ಉಳಿಯಿತು, ಅದರಿಂದಲೇ ಇಂದು ಅವರು ನಮ್ಮವರೆನಿಸಿದರು. ನಾವು ಕಲ್ಲಿನ ಮೇಲೆ ಕೊರೆಸಲಾರೆವು; ಮಕ್ಕಳ ಕೈಯಿಂದ ಕಾಗದದ ಮೇಲೆ ಬರೆಯಿಸಬಲ್ಲೆವು. ಸಂಘದ ಸಭಾಗೃಹ ಭಾನುವಾರ ಮುಂಜಾನೆ ತೆರವಾಗಿಯೇ ಇರುವದು. ಒಂದು ಗಂಟೆಯ ಕಾಲ ನಾಲ್ಕು ಮಕ್ಕಳನ್ನು ಕೂಡ್ರಿಸಿ ಅಕ್ಷರ ತಿದ್ದಿಸಲು ನಾವು ಸಿದ್ಧರಿದ್ದೇವೆ. ಮಕ್ಕಳನ್ನು ಕಳುಹುವ ಭಾರ ನಿಮ್ಮದು. ಬರುವ ಚಳಿಗಾಲದಲ್ಲಿ ಅವರೆಲ್ಲರನ್ನೂ ಕರೆದುಕೊಂಡು ಮತ್ತೊಮ್ಮೆ ದೇವಗಿರಿ ಹತ್ತೋಣ. ಅಂಧೇರಿಯಲ್ಲಿ ಮೆಟ್ಟಿಲು ಎಣಿಸುವಾಗ ಇಪ್ಪತ್ತರ ಮುಂದೆಯೂ ಅವರಿಗೆ ಲೆಕ್ಕ ತಪ್ಪದಿರಲಿ.